ಕುಡದಾವನ ಸಾಕ್ಷಿ, ಆಟದಾವನ ಸಾಕ್ಷಿ

ನಮ್ಮ ವಾಚನಾಲಯದಾಗ ರಾತ್ರಿ ಊಟ ಆದ ಮ್ಯಾಲೆ ಮಾಸ್ತರರು ಒಂದೊಂದು ಪುಸ್ತಕ ಓದಿ ಹೇಳುವ ರೂಢಿ ಅದ. ಈ ಮಳೆಗಾಲದಾಗ ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರದ ಭಾಗ ಓದಿದರು. ಅದಕ್ಕೆ ಮಿತಾಕ್ಷರ ಎಂಬ ಟೀಕೆ ಬರೆದ ವಿಜ್ಞಾನೇಶ್ವರ ನಮ್ಮ ಕಡೆಯವನೇ. ಕಲ್ಯಾಣದ ಚಾಲುಕ್ಯ ಅರಸ ಆರನೇ ವಿಕ್ರಮಾದಿತ್ಯನ ಕಾಲದವ. ಆ ಕಲ್ಯಾಣಕ್ಕೆ ಅಕ್ಕಲಕೋಟದಿಂದ ಮುಂಜಾನೆ ಹೋಗಿ ರಾತ್ರಿ ತಿರುಗಿ ಬರಬಹುದು. ಮನೆತನದ ಆಸ್ತಿ ಪಾಲಿನ ಖಟ್ಲೆಯಲ್ಲಿ ಇವತ್ತಿಗೂ ವಕೀಲರು ಮಿತಾಕ್ಷರದ ಹೆಸರು ತಗೋತಾರ. ಇಂಥಾ ಗ್ರಂಥದ ಮ್ಯಾಲೆ ಮಾತಾಡಲಿಕ್ಕೆ ಏಳನೇ ಇಯತ್ತೆ ಕಲಿತ ಒಕ್ಕಲಿಗನಿಗೆ ಏನು ಅಧಿಕಾರ ಅಂತ ಕೇಳಬಹುದು. ಅದರಾಗ ನನ್ನ ಸುದ್ದಿ ಬಂದದ, ಅದಕ್ಕ ಮಾತಾಡತೀನಿ.

ಸಾಕ್ಷಿಗೆ ಯಾರು ಆಗೂದಿಲ್ಲ ಅಂತ ಅಲ್ಲಿ ಒಂದು ಯಾದಿ ಕೊಟ್ಟಾರ. ಹೆಂಗಸರು, ಹುಡುಗರು, ಮುದುಕರು, ಜೂಜುಗಾರ, ಕುಡಿದು ಮತ್ತನಾದವ, ಹುಚ್ಚ, ಪಾಪದ ಆರೋಪ ಹೊತ್ತವ, ರಂಗಾವತಾರಿ, ಪಾಖಂಡಿ, ಖೊಟ್ಟಿ ಕಾಗದ ಮಾಡುವವ, ಇಂದ್ರಿಯ ಊನ ಇದ್ದವ. ರಂಗಾವತಾರಿ ಅಂದರ ವೇಷ ಹಾಕಿ ಆಟ ಆಡುವವ. ನಾನು ಡೊಳ್ಳಿನ ಪದ ಹಾಡಾಂವ, ದೊಡ್ಡಾಟದಾಗ ಪಾರ್ಟು ಮಾಡಿದಾಂವ. ಶಾಸ್ತ್ರದವರು ನನ್ನನ್ನ ಕುಡಕನ ಪಂಕ್ತಿಯಾಗ ಕೂಡಿಸ್ಯಾರ. ಒಂದು ಕಾಲಕ್ಕೆ ನಾನು ಸೆರೆ ಕುಡಿತಿದ್ದುದೂ ಖರೇ. ಹಿಂಗಾಗಿ ನಾನು ಎರಡು ಕಡೆಯಿಂದ ಹೊರಗ.

ಗ್ರಂಥಕ್ಕ ಅನ್ಯಾಯ ಮಾಡಬಾರದು. ಯಾದಿ ಅಲ್ಲಿಗೇ ಮುಗಿಯೂದಿಲ್ಲ. ವ್ಯಾಜ್ಯದಾಗ ಲಾಭ ಇದ್ದವ, ಗೆಳೆಯ, ವೈರಿ, ಕಳ್ಳ, ಸುಳ್ಳು ಹೇಳಿ ಸಿಕ್ಕಿಬಿದ್ದವ, ಇವರೂ ಬೇಡ ಅಂತಾರ. ಈ ಮಾತು ತೂಕದ್ದು. ವೈರಿ ಆದಾವ ಕುಡಿಯದೇ ಇದ್ದರೂ ಕಣ್ಣು ಸ್ವಚ್ಛ ಇರೂದಿಲ್ಲ. ಮುಂದಿನ ಶ್ಲೋಕದಾಗ ಒಂದು ಬಾಗಿಲನೂ ತೆಗೆದಿಟ್ಟಾರ: ಕಳವು, ಬೈಗುಳ ಬಡಿದಾಟ, ಬಲಾತ್ಕಾರದ ಕೃತ್ಯ, ವ್ಯಭಿಚಾರ, ಇಂಥಾ ಖಟ್ಲೆಗೆ ಎಲ್ಲರೂ ಸಾಕ್ಷಿಯಾಗಬಹುದು ಅಂತ. ಕಳ್ಳ ಬರೂ ಹೊತ್ತಿಗೆ ನಾಲ್ಕು ಮಂದಿ ಸಜ್ಜನರನ್ನ ಕರಕೊಂಡು ಬರೂದಿಲ್ಲ ಅನ್ನೂದು ಅವರಿಗೂ ಗೊತ್ತಿತ್ತು.

ನನ್ನ ತಕರಾರು ಬೇರೆ. ಈ ಯಾದಿ ಮನುಷ್ಯ ಯಾರು ಅಂತ ನೋಡ್ತದ. ಅವ ಏನು ಕಂಡ, ಹೆಂಗ ಕಂಡ ಅಂತ ನೋಡೂದಿಲ್ಲ. ಹೆಣ್ಣುಮಕ್ಕಳಿಗೆ ಏನು ಕಣ್ಣಿಲ್ಲೇನು? ವೇಷ ಹಾಕಿದವ ಬಣ್ಣ ತೊಳಕೊಂಡ ಮ್ಯಾಲೆ ಎಲ್ಲರಂಗ ಮನುಷ್ಯನೇ. ಮತ್ತನಾದವ ಅಂದರ ಯಾವಾಗ ಮತ್ತ? ಕಂಡಾಗೋ, ಹೇಳುವಾಗೋ? ಕಂಡಾಗ ಕುಡಿದಿದ್ದು ಹೇಳುವಾಗ ಎಚ್ಚರ ಇದ್ದವ ಒಬ್ಬ; ಕಂಡಾಗ ಎಚ್ಚರ ಇದ್ದು, ಅಂಜಿಕಿಗೆ ಒಂದು ಗುಟುಕು ಹಾಕಿ ಕೋರ್ಟಿಗೆ ಬಂದವ ಇನ್ನೊಬ್ಬ. ಇಬ್ಬರಿಗೂ ಒಂದೇ ಹೆಸರು ಕೊಟ್ಟರ ಹೆಂಗ?

1872ರಾಗ ಇಂಗ್ರೇಜರು ಸಾಕ್ಷ್ಯದ ಕಾಯ್ದೆ ಮಾಡಿದಾಗ ಈ ಯಾದಿ ಹರಿದು ಒಗೆದರು. ಅದರ 118ನೇ ಕಲಮಿನ ಪ್ರಕಾರ ಎಲ್ಲರೂ ಸಾಕ್ಷಿಗೆ ಆಗತಾರ. ಎಳೆವಯಸ್ಸು, ಕಡೀ ಮುಪ್ಪು, ದೇಹದ್ದೋ ಮನಸ್ಸಿನದ್ದೋ ರೋಗ, ಇಲ್ಲಾ ಅಂಥದೇ ಕಾರಣದಿಂದ ಪ್ರಶ್ನೆ ತಿಳಿಯದವ, ತಿಳಿದು ಉತ್ತರ ಕೊಡಲಾರದವ ಅಷ್ಟೇ ಹೊರಗ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಾಗೂ 124ನೇ ಕಲಮು ಅದನ್ನೇ ಹೇಳ್ತದ. ಕುಡಕ ಅನ್ನೂ ಶಬ್ದನೇ ಅದರಾಗಿಲ್ಲ. ಕಟಕಟಿಯಾಗ ನಿಂತಾಗ ಮಾತು ತಿಳಿದರ ಸಾಕು; ಅವನ ಮಾತಿಗೆ ಎಷ್ಟು ತೂಕ ಅನ್ನೂದು ನ್ಯಾಯಾಧೀಶರ ತಕ್ಕಡಿಗೆ ಬಿಟ್ಟದ್ದು. ಹಳೇ ಕಾಯ್ದೆಯ 29ನೇ ಕಲಮಿನಾಗ ಇನ್ನೊಂದು ಮಾತಿತ್ತು: ಆರೋಪಿ ತಪ್ಪು ಒಪ್ಪಿಕೊಂಡಾಗ ಕುಡಿದಿದ್ದ ಅನ್ನೂದೊಂದೇ ಕಾರಣಕ್ಕ ಆ ಒಪ್ಪಿಗೆ ರದ್ದಾಗೂದಿಲ್ಲ ಅಂತ. ತನ್ನ ಕೊರಳಿಗೆ ತಾ ಹಗ್ಗ ಹಾಕ್ಕೊಳ್ಳುವಾಗ ಕುಡದಾವನ ಮಾತು ನಡೀತದ ಅಂದರ, ಇನ್ನೊಬ್ಬರ ಪರವಾಗಿ ಹೇಳುವಾಗ ಯಾಕ ನಗಬೇಕು?

ಆದರ ಕೋರ್ಟಿನಾಗ ನಗತಾರ. ಇಪ್ಪತ್ತು ವರ್ಷದ ಹಿಂದಿನ ನನ್ನದೇ ಮಾತು ಹೇಳತೀನಿ. ಸಂತಿ ದಿನ ಸಂಜಿಮುಂದ ಕುಡಿದು ಹೊಲದ ಹಾದಿ ಹಿಡಿದಿದ್ದೆ. ಬಾವಿಯ ಕಡೆಯಿಂದ ನೋಡಿದೆ: ಬದುವಿನ ಮ್ಯಾಲೆ ಇಬ್ಬರು ಜಗಳಾಡಲಿಕ್ಕೆ ಹತ್ತಿದ್ದರು. ಒಬ್ಬ ಮುದುಕನನ್ನ ನೂಕಿದ. ಮುದುಕ ಕಲ್ಲಿನ ಮ್ಯಾಲೆ ಬಿದ್ದ. ನೂಕಿದವ ಓಡಿದ, ಯಾರಂತ ಗುರುತು ಹಿಡಿದೆ. ಮುದುಕನ ಕೈ ಹರಿದು ರಕ್ತ ಸೋರತಿತ್ತು. ನಾ ಕಂಡದ್ದು ಇಷ್ಟೇ.

ಮರುದಿನದಿಂದ ಕಟ್ಟಿಯ ಮ್ಯಾಲೆ ಅದೇ ಸುದ್ದಿ. ಕುಡಗೋಲಿಲೆ ಹೊಡದ ಅಂತ ಒಬ್ಬ, ಕುಡಗೋಲು ಬಾವಿಗೆ ಒಗದಾನ ಅಂತ ಇನ್ನೊಬ್ಬ. ಎಂಟು ದಿವಸ ಕೇಳಿದೆ. ಮೂರು ವರ್ಷಕ್ಕ ಕೋರ್ಟಿನ ಕರೆ ಬಂತು. ಅಷ್ಟರಾಗ ನನ್ನ ಕಣ್ಣ ಮುಂದ ಕುಡಗೋಲು ಥಳಥಳ ಹೊಳಿತಿತ್ತು. ಒಂದು ಹನಿ ಮುಟ್ಟದ ಕಟಕಟಿಗೆ ಹತ್ತಿ, ಅವನ ಕೈಯಾಗ ಕುಡಗೋಲು ಇತ್ತು, ಕಣ್ಣಾರೆ ಕಂಡೀನಿ ಅಂದೆ. ಎದುರಿನ ವಕೀಲರು ಕೇಳಿದರು, ಅವತ್ತು ಕುಡಿದಿದ್ದೇನು? ಹೌದು ಅಂದೆ. ಆಟದಾಗ ಪಾರ್ಟು ಮಾಡತೀಯೇನು? ಹೌದು ಅಂದೆ. ಇದೂ ಒಂದು ಪಾರ್ಟೇನು ಅಂದರು. ಮಂದಿ ನಕ್ಕರು. ಗಾಯ ಕಲ್ಲಿನ ಮ್ಯಾಲೆ ಬಿದ್ದೂ ಆಗಬಹುದು ಅಂತ ಡಾಕ್ಟರು ಹೇಳಿದರು. ಆರೋಪಿ ಬಿಡುಗಡೆ ಆದ.

ಇದರಾಗ ನೋಡಬೇಕಾದ್ದು ಏನಂದರ, ಕುಡಿದಾಗ ಕಂಡದ್ದು ಖರೇ ಇತ್ತು, ಎಚ್ಚರ ಇದ್ದಾಗ ಸೇರಿದ್ದು ಸುಳ್ಳಿತ್ತು. ವಕೀಲರು ಸೆರೆಯ ಮಾತು ಕೇಳಿದರು. ಕುಡಗೋಲಿನ ಸುದ್ದಿ ಮೊದಲು ಯಾರ ಬಾಯಾಗ ಕೇಳಿದಿ ಅಂತ ಯಾರೂ ಕೇಳಲಿಲ್ಲ. ಸುಳ್ಳು ಕುಡಗೋಲಿನ ಜೋಡಿ ಖರೇ ನೂಕಿದ್ದೂ ಮುಳುಗಿ ಹೋತು. ಮುದುಕನ ಕೈ ಕಡೀತನಕ ಸರಿ ಆಗಲಿಲ್ಲ. ಇದನ್ನ ಅವನ ಮುಂದ ಹೇಳಬೇಕಿತ್ತು, ಹೇಳಲಿಲ್ಲ. ಈಗ ಅವ ಇಲ್ಲ.

ಹಾಡೂ ಮಂದಿಗೆ ಇದು ಹೊಸಾದಲ್ಲ. ರಾತ್ರಿಪೂರ್ತಿ ಪದ ಹಾಡುವಾಗ ಒಂದು ನುಡಿ ಮರೀತದ. ಡೊಳ್ಳು ನಿಲ್ಲೂದಿಲ್ಲ, ನಾಲಗಿ ಅದೇ ಚಾಲಿಗೆ ಒಂದು ನುಡಿ ಕಟ್ಟಿ ಹಾಕ್ತದ. ಮುಂದಿನ ಜಾತ್ರಿಗೆ ಅದೇ ನುಡಿ ಬರ್ತದ. ಹತ್ತು ಜಾತ್ರಿ ಆದ ಮ್ಯಾಲೆ ಗುರುಗಳೇ ಹಿಂಗ ಕಲಿಸ್ಯಾರ ಅಂತ ಆಣಿ ಮಾಡತೀವಿ. ಸೆರೆ ಮಾಡೂದೂ ಇದೇ. ಅದು ಸುಳ್ಳು ಹುಟ್ಟಿಸೂದಕ್ಕಿಂತ ನೆನಪಿನಾಗ ತೂತು ಕೊರೀತದ. ಬಹಳ ಕುಡಿದವನ ನೆನಪಿನಾಗ ಇಡೀ ರಾತ್ರಿನೇ ಇರೂದಿಲ್ಲ. ಆ ತೂತು ತುಂಬೂದು ನಾವು, ಕಟ್ಟಿಯ ಮ್ಯಾಲೆ ಕೂತ ಮಂದಿ.

ಹಂಗಂತ ಕುಡಿದವನನ್ನ ಕಣ್ಣು ಮುಚ್ಚಿ ನಂಬ್ರಿ ಅನ್ನೂದಿಲ್ಲ. ಎಷ್ಟು ಕುಡಿದಿದ್ದ, ಬೆಳಕು ಎಷ್ಟಿತ್ತು, ದೂರ ಎಷ್ಟು, ಬೇರೆ ಗುರುತು ಅದಕ್ಕ ಹೊಂದತಾವೇನು ಅಂತ ಕೇಳಲೇಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಹೇಳಿದ್ದು ಕುಡಿಯದವರಿಗೂ ಸೇರಿಸೇ. ಇವುಗಳ ಜೋಡಿ ಇನ್ನೊಂದು ಪ್ರಶ್ನೆ ಸೇರಿಸ್ರಿ: ಮೊದಲು ಯಾವಾಗ ಹೇಳಿದ, ಅದಕ್ಕೂ ಮೊದಲು ಯಾರ್ಯಾರ ಮಾತು ಕೇಳಿದ? ಗ್ರಂಥದ ಯಾದಿಯಾಗ ಈ ಪ್ರಶ್ನೆ ಇಲ್ಲ. ಕಾಯ್ದೆ ಕೇಳಬ್ಯಾಡ ಅನ್ನೂದಿಲ್ಲ, ಆದರ ಅವತ್ತು ನನಗ ಯಾರೂ ಕೇಳಲಿಲ್ಲ.

ಕಡೀಕ ಮಾಸ್ತರರಿಗೆ ಒಂದು ಅರಿಕೆ. ನಮ್ಮ ಕಡೆ ಕೋರ್ಟಿನ ಕಾಗದ ಮರಾಠಿಯಾಗ ನಡೀತಾವ. ಬಡವರು ಕನ್ನಡದಾಗ ಹೇಳ್ತಾರ, ನೀವು ಅರ್ಜಿ ಬರೆದುಕೊಡತೀರಿ. ಯಾರಾದರೂ ಬಂದರ, ಕುಡಿದಿದ್ದರ ನಶೆ ಇಳಿಯಲಿ, ಕಟ್ಟಿಯ ಮ್ಯಾಲೆ ಕೂಡೂದರ ಒಳಗ ಬರೆದುಬಿಡ್ರಿ. ನೆನಪಿಲ್ಲ ಅಂದರ ನೆನಪಿಲ್ಲ ಅಂತಲೇ ಬರೀರಿ, ಚಂದ ಕಾಣಲಿ ಅಂತ ತುಂಬಬ್ಯಾಡ್ರಿ. ಕುಡಿದಿದ್ದೆ ಅಂದರ ಅದನ್ನೂ ಬರೀರಿ. ಮುಚ್ಚಿಟ್ಟರ ಅದು ಮುಂದ ವಕೀಲರ ಕೈಯಾಗ ಕುಡಗೋಲು ಆಗ್ತದ.