ಗಡಿ ದಾಟುವ ಕಲೆ, ವೇದಿಕೆಗೇ ಮುಗಿಯುವ ವಿನಿಮಯ

ಗಡಿ ಎಂದೊಡನೆ ಕನ್ನಡಿಗರಿಗೂ ಮರಾಠಿಗರಿಗೂ ನೆನಪಾಗುವುದು 1967ರ ಮಹಾಜನ ವರದಿ, ಆಮೇಲೆ ಸರ್ವೋಚ್ಚ ನ್ಯಾಯಾಲಯದ ದಾವೆ. ಕಲೆಯ ಕೊಡುಕೊಳೆ ನೆನಪಾಗುವುದು ಸರಕಾರಿ ಉತ್ಸವದ ಆಮಂತ್ರಣ ಪತ್ರಿಕೆ ಕೈಸೇರಿದಾಗ ಮಾತ್ರ. ಇಂಥ ಉತ್ಸವಗಳನ್ನು ನಾವು ಪುಣೆಯಲ್ಲಿ ನೋಡುತ್ತ ಬಂದಿದ್ದೇವೆ. ಅವುಗಳಿಂದ ಕಲೆಗೆ ದಕ್ಕಿದ್ದೇನು ಎಂದು ಕೇಳಿಕೊಳ್ಳುವುದು ಅಗತ್ಯವೆನಿಸಿದೆ.

ಮೊದಲು ಹಳೆಯ ಲೆಕ್ಕ ನೋಡೋಣ. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿಯಲ್ಲಿ ಆಟ ಆಡಿತು. ಅದನ್ನು ಕಂಡ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು, ಅಂಥ ಆಟವನ್ನು ಮರಾಠಿಯಲ್ಲಿ ಕಟ್ಟುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗವೇರಿತು. ಆ ನೆನಪಿಗಾಗಿ ಇಂದಿಗೂ ನವೆಂಬರ್ 5 ಮರಾಠಿ ರಂಗಭೂಮಿ ದಿನ. ಮುಂದೆ ಮರಾಠಿ ಮಂಡಳಿಗಳು ಹುಬ್ಬಳ್ಳಿ-ಧಾರವಾಡಗಳಿಗೆ ಬಂದು ಜನರನ್ನು ಮರುಳುಮಾಡಿದವು. ಕನ್ನಡ ನೆಲದಲ್ಲಿ ಕನ್ನಡ ನಾಟಕವಿಲ್ಲವಲ್ಲ ಎಂಬ ಕಿಚ್ಚಿನಿಂದ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಮಂಡಳಿ ಕಟ್ಟಿದರು. ಕೊಟ್ಟ ಸಾಲ ಬಡ್ಡಿಸಹಿತ ಮನೆಗೆ ಮರಳಿತು.

ಸಂಗೀತದಲ್ಲೂ ಹೀಗೆಯೇ. ಮಿರಜದಲ್ಲಿ ನೆಲಸಿದ ಅಬ್ದುಲ್ ಕರೀಂಖಾನರ ಶಿಷ್ಯರಾದ ಕುಂದಗೋಳದ ರಾಮಭಾವು, ಸವಾಯಿ ಗಂಧರ್ವರೆಂದು ಮರಾಠಿ ರಂಗದಲ್ಲಿ ಹೆಸರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಗುರುವಾದರು. ಪುಣೆಯಲ್ಲಿ ನೆಲಸಿದ ಭೀಮಸೇನರು ಗುರುವಿನ ಹೆಸರಿನಲ್ಲಿ 1953ರಿಂದ ಉತ್ಸವ ನಡೆಸಿದರು. ಅಭಂಗ, ದಾಸರ ಪದ ಎರಡನ್ನೂ ತಮ್ಮದಾಗಿಸಿಕೊಂಡರು.

ಆಗ ಗಡಿಯೇ ಇರಲಿಲ್ಲವಲ್ಲ ಎಂದು ಕೆಲವರು ಹೇಳಬಹುದು. ಇದು ಪೂರ್ತಿ ನಿಜವಲ್ಲ. ಸಾಂಗಲಿ, ಮಿರಜ ಬೇರೆ ಬೇರೆ ಸಂಸ್ಥಾನಗಳು, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಧಾರವಾಡ ಬ್ರಿಟಿಷರದು. ಆಳುವವರು ಬೇರೆಯಾಗಿದ್ದರೂ ಶಿಷ್ಯ ಗುರುವಿನ ಬಳಿ ವರ್ಷಗಟ್ಟಲೆ ಕೂರುವುದಕ್ಕೆ ಅಡ್ಡಿಯಾಗಲಿಲ್ಲ.

1985-86ರಲ್ಲಿ ಕೇಂದ್ರ ಸರಕಾರ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳನ್ನು ತೆರೆಯಿತು. ಕರ್ನಾಟಕ ತಂಜಾವೂರಿನ ದಕ್ಷಿಣ ವಲಯಕ್ಕೂ, ಮಹಾರಾಷ್ಟ್ರದ ಜತೆಗೆ ನಾಗಪುರದ ದಕ್ಷಿಣ ಮಧ್ಯ ವಲಯಕ್ಕೂ ಸೇರಿದೆ. ಒಂದೇ ರಾಜ್ಯ ಎರಡು ವಲಯಗಳಲ್ಲಿ ಇರಬಹುದೆಂಬ ಏರ್ಪಾಡೇ ವಿವೇಕದ್ದು. ಹಳ್ಳಿಯ ಕಲಾವಿದನಿಗೆ ದೂರದ ಊರು, ಸಂಭಾವನೆ, ಮನ್ನಣೆ ದೊರಕುವುದೂ ಸಣ್ಣ ಮಾತಲ್ಲ.

ಆದರೆ ನಾವು ಕಂಡ ವಿನಿಮಯ ಉತ್ಸವಗಳಲ್ಲಿ ಆಗುವುದೇನು? ಡೊಳ್ಳು ಕುಣಿತ ಇಳಿದೊಡನೆ ಲಾವಣಿ ಏರುತ್ತದೆ. ಇವರ ಆಟವನ್ನು ಅವರು ನೋಡುವಷ್ಟು ವ್ಯವಧಾನವಿಲ್ಲ, ಬಸ್ಸಿಗೆ ಹೊತ್ತಾಗಿರುತ್ತದೆ. ಹತ್ತು ನಿಮಿಷದಲ್ಲಿ ಕಣ್ಣು ತುಂಬುವ ಕುಣಿತಕ್ಕೆ ಜಾಗವುಂಟು. ಶ್ರೀಕೃಷ್ಣ ಪಾರಿಜಾತದಂಥ, ಮಾತೇ ಜೀವವಾಗಿರುವ ಆಟಕ್ಕಿಲ್ಲ. ರಸಾಯನಶಾಸ್ತ್ರ ಓದಿದವರು ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ಅಂತರ ಬಲ್ಲರು. ಮಿಶ್ರಣದಲ್ಲಿ ಉಪ್ಪು ಉಪ್ಪಾಗಿ, ಮರಳು ಮರಳಾಗಿಯೇ ಉಳಿಯುತ್ತದೆ. ಸಾಂಗಲಿಯಲ್ಲಿ ಆದದ್ದು ಸಂಯುಕ್ತ. ಅಲ್ಲಿ ಹೊಸತೊಂದು ಹುಟ್ಟಿತು. ಈ ವೇದಿಕೆಗಳಲ್ಲಿ ಆಗುತ್ತಿರುವುದು ಮಿಶ್ರಣ.

ಕಡತದೊಡನೆ ಬಾಳುವ ನಮ್ಮಂಥವರಿಗೆ ಕಾರಣ ಊಹಿಸುವುದು ಕಷ್ಟವಲ್ಲ. ಎಷ್ಟು ತಂಡ, ಎಷ್ಟು ದಿನ, ಪ್ರಯಾಣಭತ್ಯೆ ಎಷ್ಟು ಎಂಬುದನ್ನು ಅಂಕಣದಲ್ಲಿ ತುಂಬಬಹುದು. ಯಾರು ಯಾರಿಂದ ಏನು ಕಲಿತರು ಎಂಬುದು ಅಂಕಣಕ್ಕೆ ಸಿಗದು.

ಪರಿಹಾರಕ್ಕೆ ಹೊಸ ಇಲಾಖೆ ಬೇಡ. ಅಳಿಯುತ್ತಿರುವ ಕಲೆಗಳನ್ನು ಉಳಿಸಲು ಈ ಕೇಂದ್ರಗಳಲ್ಲಿ ಗುರು-ಶಿಷ್ಯ ಪರಂಪರೆಯ ಯೋಜನೆಯಿದೆ. ಅದರಲ್ಲಿ ಕೆಲವು ಸ್ಥಾನಗಳನ್ನು ಗಡಿಯಾಚೆಯ ಶಿಷ್ಯರಿಗೆಂದೇ ಮೀಸಲಿಡಲಿ. ಕರ್ನಾಟಕದ ಹುಡುಗ ಲಾವಣಿಯ ಢೋಲಕಿ ಕಲಿಯಲಿ, ಸಾಂಗಲಿಯ ಹುಡುಗಿ ಭಾಗವತಿಕೆ ಕಲಿಯಲಿ. ಬಂದ ತಂಡಗಳು ಒಂದು ದಿನ ಹೆಚ್ಚು ಉಳಿದು ಪರಸ್ಪರ ಆಟ ನೋಡಲಿ.

ಸರಕಾರವನ್ನಷ್ಟೇ ಟೀಕಿಸಿ ಕೈತೊಳೆದುಕೊಂಡರೆ ನ್ಯಾಯವಾಗದು. ಹೊರನಾಡಿನ ಸಂಘಗಳು ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಕಲಾವಿದರನ್ನು ಕರೆಸುತ್ತವೆ. ಪಕ್ಕದ ಬೀದಿಯ ಮರಾಠಿ ನಾಟ್ಯತಂಡವನ್ನು ಕರೆಯುವುದು ಅಪರೂಪ. ವರ್ಷಕ್ಕೊಂದು ನಾಟಕವನ್ನು ಅವರೊಡನೆ ಕೂಡಿ, ಎರಡೂ ಭಾಷೆಗಳಲ್ಲಿ ಆಡಬಾರದೇಕೆ? ಸಾಂಗಲಿಗೆ ಹೋದ ಆ ಮೇಳದವರು ಯಾವ ಸುತ್ತೋಲೆಗೂ ಕಾದಿರಲಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಿಕೊಳ್ಳಬೇಕೆಂದು ನಮ್ಮ ಕೋರಿಕೆ.