ಮೀಸೆ ಮಣ್ಣಾದ ಮೇಲೆ

2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಬ್ಯಾಟಿಂಗ್ ಮಾಡುತ್ತಿದ್ದ ಅನಿಲ್ ಕುಂಬ್ಳೆಯವರ ದವಡೆಗೆ ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಮೂಳೆ ಮುರಿಯಿತು. ಬೇರೆ ಯಾರೇ ಆಗಿದ್ದರೂ ಅಂದಿಗೆ ಆಟ ಮುಗಿಯುತ್ತಿತ್ತು. ಕುಂಬ್ಳೆ ಗಲ್ಲದಿಂದ ನೆತ್ತಿಯವರೆಗೆ ಪಟ್ಟಿ ಬಿಗಿದುಕೊಂಡು ಮೈದಾನಕ್ಕಿಳಿದರು, ಒಂದೇ ಸಮನೆ 14 ಓವರ್ ಎಸೆದು 29 ರನ್ ಕೊಟ್ಟರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು. ಮರುದಿನ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ವಿಮಾನ ಹತ್ತಿದರು.

ಕರ್ನಾಟಕದಲ್ಲಿ ಛಲ ಎಂಬ ಮಾತು ಬಂದಲ್ಲೆಲ್ಲ ಈ ಚಿತ್ರ ಹಿಂಬಾಲಿಸುತ್ತದೆ. ಶಾಲಾ ವಾರ್ಷಿಕೋತ್ಸವದ ಭಾಷಣಕ್ಕೂ ಅದೇ ಉದಾಹರಣೆ, ಕಂಪನಿಗಳ ಸ್ಫೂರ್ತಿ ಶಿಬಿರಕ್ಕೂ ಅದೇ. ಅದರ ತೂಕದ ಬಗ್ಗೆ ಅನುಮಾನವಿಲ್ಲ. ಆದರೆ ಆಟದ ಲೆಕ್ಕದಲ್ಲಿ ನೋಡಿದರೆ ಆ 14 ಓವರುಗಳಿಂದ ಸಿಕ್ಕಿದ್ದು ಒಂದೇ ವಿಕೆಟ್. ಪಂದ್ಯ ಡ್ರಾ ಆಯಿತು. (ಅದು ಎಂಥ ಪಂದ್ಯವೆಂದರೆ ವಿಕೆಟ್ ಕೀಪರ್ ಸೇರಿ ಭಾರತದ ಹನ್ನೊಂದೂ ಜನ ಬೌಲಿಂಗ್ ಮಾಡಿದ್ದರು.) ಸರಣಿಯನ್ನು ವೆಸ್ಟ್ ಇಂಡೀಸ್ 2-1ರಿಂದ ಗೆದ್ದಿತು. ಇದನ್ನು ನೆನಪಿಸುವುದು ಕುಂಬ್ಳೆಯವರನ್ನು ಸಣ್ಣವರನ್ನಾಗಿಸಲು ಅಲ್ಲ. ಪೆಟ್ಟು ಬಿದ್ದ ದೇಹವನ್ನು ಕಟ್ಟಿಕೊಂಡು ಏನು ಮಾಡಬೇಕು ಎಂಬ ಪ್ರಶ್ನೆಗೆ ಆಂಟಿಗಾ ಒಳ್ಳೆಯ ಉತ್ತರವೇ ಎಂದು ಕೇಳಲು.

ಒಳ್ಳೆಯ ಉತ್ತರ ಕುಂಬ್ಳೆಯವರ ಬದುಕಿನಲ್ಲೇ ಇದೆ, ಅದೂ ಅದಕ್ಕಿಂತ ಒಂದು ವರ್ಷ ಹಿಂದೆ.

2001ರ ಫೆಬ್ರವರಿ-ಮಾರ್ಚ್‌ನಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಿತ್ತು. ಈಡನ್ ಗಾರ್ಡನ್ಸ್‌ನಲ್ಲಿ ಲಕ್ಷ್ಮಣ್ 281, ದ್ರಾವಿಡ್ 180, ಸರಣಿಯಲ್ಲಿ ಹರಭಜನ್‌ಗೆ 32 ವಿಕೆಟ್. ಆ ದಂತಕಥೆಯಲ್ಲಿ ಕುಂಬ್ಳೆ ಇಲ್ಲ. ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೊರಗಿದ್ದರು. ಮೂವತ್ತು ದಾಟಿದ್ದ ಲೆಗ್ ಸ್ಪಿನ್ನರ್‌ಗೆ ಎಸೆಯುವ ಭುಜವೇ ಕೈಕೊಟ್ಟಿದೆ, ತನ್ನ ಜಾಗದಲ್ಲಿ ಇಪ್ಪತ್ತರ ಹುಡುಗನೊಬ್ಬ ಇಡೀ ದೇಶದ ಕಣ್ಮಣಿಯಾಗಿದ್ದಾನೆ. ಇದಕ್ಕಿಂತ ದೊಡ್ಡ ಹಿನ್ನಡೆ ಯಾವುದು? ಆ ತಿಂಗಳುಗಳ ಒಂದು ಚಿತ್ರವೂ ಜನರ ನೆನಪಿನಲ್ಲಿಲ್ಲ.

ಚಿತ್ರ ತೆಗೆಯುವಂಥದ್ದು ಅಲ್ಲಿ ಏನೂ ನಡೆಯುವುದೂ ಇಲ್ಲ. ಭುಜದ ಕೀಲನ್ನು ಸುತ್ತುವರಿದು ಹಿಡಿದಿರುವ ನಾಲ್ಕು ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಎನ್ನುತ್ತಾರೆ. ಅದಕ್ಕೆ ಹೊಲಿಗೆ ಬಿದ್ದರೆ ಮೊದಲ ಕೆಲವು ವಾರ ಕೈ ಜೋಳಿಗೆಯಲ್ಲಿ. ಆಮೇಲೆ ಬೇರೊಬ್ಬರು ಕೈ ಎತ್ತಿಸಬೇಕು, ತಾನಾಗಿ ಎತ್ತುವಂತಿಲ್ಲ. ನಂತರ ರಬ್ಬರ್ ಪಟ್ಟಿ ಎಳೆಯುವುದು, ಕಿಲೋ ಲೆಕ್ಕಕ್ಕೂ ಬಾರದ ಭಾರ ಎತ್ತುವುದು. ಚೆಂಡು ಕೈಗೆ ಬರುವುದು ಎಷ್ಟೋ ತಿಂಗಳ ಬಳಿಕ, ಅದೂ ಹತ್ತಿರದಿಂದ ಮೆಲ್ಲಗೆ, ಎಣಿಸಿ. ಆತುರಪಟ್ಟವರಿಗೆ ಮತ್ತೆ ಮೊದಲಿನಿಂದ. ಚಪ್ಪಾಳೆ ತಟ್ಟುವವರಿಲ್ಲದ ಕೋಣೆಯಲ್ಲಿ ಇಷ್ಟನ್ನು ದಿನವೂ ಮಾಡುವ ಬೇಸರವಿದೆಯಲ್ಲ, ಛಲದ ಪರೀಕ್ಷೆ ನಡೆಯುವುದು ಅಲ್ಲಿ.

ಫಲ ಏನೆಂದು ಅಂಕಿಗಳೇ ಹೇಳುತ್ತವೆ. ಕುಂಬ್ಳೆ 300ನೇ ಟೆಸ್ಟ್ ವಿಕೆಟ್ ಪಡೆದದ್ದು ಚೇತರಿಸಿಕೊಂಡು ಮರಳಿದ ಮೇಲೆ, 2001ರ ಡಿಸೆಂಬರ್‌ನಲ್ಲಿ, ತಮ್ಮದೇ ಊರಿನಲ್ಲಿ. 2008ರಲ್ಲಿ ನಿವೃತ್ತರಾದಾಗ ಅವರ ಲೆಕ್ಕ 619. ಎಂದರೆ ಅರ್ಧಕ್ಕಿಂತ ಹೆಚ್ಚು ವಿಕೆಟ್ ರಿಪೇರಿಯಾದ ಭುಜದಿಂದ ಬಂದವು. 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್ ಕಿತ್ತದ್ದೂ ಅದೇ ಭುಜ. ಇದೇ ದಾರಿಯಲ್ಲಿ ಮೊದಲು ನಡೆದಿದ್ದವರು ಮೈಸೂರಿನ ಜಾವಗಲ್ ಶ್ರೀನಾಥ್. 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡರು, ಶಸ್ತ್ರಚಿಕಿತ್ಸೆಗೆ ಒಳಗಾದರು. ಎರಡು ವರ್ಷದೊಳಗೆ, 1999ರ ಫೆಬ್ರವರಿಯಲ್ಲಿ, ಕೋಲ್ಕತ್ತದಲ್ಲಿ ಪಾಕಿಸ್ತಾನದ 13 ವಿಕೆಟ್ ಉರುಳಿಸಿದರು. ಆ ಟೆಸ್ಟ್ ಭಾರತ ಸೋತಿತು, ಹಾಗಾಗಿ ಅದನ್ನೂ ಯಾರೂ ಹೆಚ್ಚು ಹೇಳುವುದಿಲ್ಲ.

ಆಂಟಿಗಾದ ತೀರ್ಮಾನಕ್ಕೆ ಒಂದು ಗಡಿ ಇತ್ತು ಎಂಬುದನ್ನು ಅದರ ಅಭಿಮಾನಿಗಳು ಮರೆಯುತ್ತಾರೆ. ಮರುದಿನ ಹೇಗೂ ಊರಿಗೆ ಹೋಗುವುದಿತ್ತು. ಆ ಸರಣಿಯಲ್ಲಿ ಅವರಿಗೆ ಉಳಿದದ್ದು ಅದೊಂದೇ ದಿನ. ಮುರಿದದ್ದು ದವಡೆ, ಎಸೆಯುವ ತೋಳಲ್ಲ. ಭುಜ ನೊಂದಾಗ ಅದೇ ಮನುಷ್ಯ ಪಟ್ಟಿ ಕಟ್ಟಿಕೊಂಡು ಹೋಗಲಿಲ್ಲ, ಮನೆಯಲ್ಲಿ ಕುಳಿತರು. ಎರಡನ್ನೂ ಒಬ್ಬರೇ ಮಾಡಿದ್ದಾರೆ. ನಮ್ಮ ಜಿಮ್‌ಗಳು ಮತ್ತು ಓಟದ ಗುಂಪುಗಳು ಪಟ್ಟಿಯನ್ನಷ್ಟೇ ಎತ್ತಿಕೊಂಡು ಗಡಿಯನ್ನು ಅಲ್ಲೇ ಬಿಟ್ಟುಬಂದವು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆ ಗೇಲಿ ಮಾಡುವುದು ಯಾರನ್ನು ಎಂದು ಈ ಗುಂಪುಗಳಲ್ಲಿ ಒಂದು ತಿಂಗಳಿದ್ದರೆ ತಿಳಿಯುತ್ತದೆ. ಮೊಣಕಾಲಿಗೆ ಪಟ್ಟಿ, ಸೊಂಟಕ್ಕೆ ಸ್ಪ್ರೇ, ನೋವಿನ ಗುಳಿಗೆ ನುಂಗಿ ಹತ್ತು ಕಿಲೋಮೀಟರ್ ಓಟ, ಸಂಜೆ ಮೆಡಲ್ ಜೊತೆ ಫೋಟೋ. ಬಿದ್ದೆ ಎಂದು ಒಪ್ಪಿಕೊಳ್ಳುವುದೇ ಅಲ್ಲಿ ಸೋಲು. ಗೋಡೆಯ ಮೇಲಿನ ಬರಹವೂ ಅದನ್ನೇ ಹೇಳುತ್ತದೆ, ನೋವಿಲ್ಲದೆ ಲಾಭವಿಲ್ಲ ಎಂದು. ಯಾವ ನೋವು ಎಂದು ಮಾತ್ರ ಹೇಳುವುದಿಲ್ಲ. ಹೊಸ ವ್ಯಾಯಾಮದ ಮರುದಿನವೋ ಮೂರನೆಯ ದಿನವೋ ಇಡೀ ತೊಡೆ ಜಡ್ಡುಗಟ್ಟಿ ನೋಯುವುದು ಒಂದು ಬಗೆ, ತಾನಾಗಿ ಹೋಗುತ್ತದೆ. ಮೊಳಕಾಲ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟು ತೋರಿಸಬಹುದಾದಷ್ಟೇ ಜಾಗದಲ್ಲಿ ಪ್ರತಿ ಹೆಜ್ಜೆಗೂ ಚುಚ್ಚುವುದು ಬೇರೆಯೇ ಬಗೆ.

ಎರಡನೆಯದರ ಒಳಗುಟ್ಟು ತಿಳಿದವರು ಓಡಲಾರರು. ಮೂಳೆ ಸದಾ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತಿರುತ್ತದೆ. ಹೊಸ ಭಾರ ಬಿದ್ದಾಗ ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಅಗೆದು ತೆಗೆಯುತ್ತವೆ, ಇನ್ನು ಕೆಲವು ಹೊಸದನ್ನು ತುಂಬುತ್ತವೆ. ಬೆಂಗಳೂರಿನ ರಸ್ತೆಯಂತೆಯೇ ಇಲ್ಲೂ ಅಗೆತ ವಾರಗಳಲ್ಲಿ ಮುಗಿಯುತ್ತದೆ, ತುಂಬುವುದಕ್ಕೆ ತಿಂಗಳುಗಳು ಬೇಕು. ಆ ನಡುವಿನ ಅವಧಿಯಲ್ಲಿ ಛಲ ತೋರಿಸಿದವರಿಗೆ ಸಿಗುವುದು ಬಿರುಕು.

ಮುನ್ನುಗ್ಗಬೇಕೇ, ನಿಲ್ಲಬೇಕೇ ಎಂಬ ಇದೇ ಕಥೆ ಒಲಿಂಪಿಕ್ಸ್ ಮಟ್ಟದಲ್ಲಿ ಎರಡು ಬಾರಿ ನಡೆದಿದೆ, ಎರಡು ಬೇರೆ ಬೇರೆ ಅಂತ್ಯಗಳೊಂದಿಗೆ. 1996ರ ಅಟ್ಲಾಂಟಾದಲ್ಲಿ ಅಮೆರಿಕದ ಜಿಮ್ನಾಸ್ಟ್ ಕೆರಿ ಸ್ಟ್ರಗ್, ವಯಸ್ಸು 18, ಮೊದಲ ವಾಲ್ಟ್‌ನಲ್ಲಿ ಪಾದದ ಕೀಲು ಉಳುಕಿಸಿಕೊಂಡರು. ಆದರೂ ಕುಂಟುತ್ತ ಹೋಗಿ ಎರಡನೆಯದನ್ನೂ ಹಾರಿ, ಒಂಟಿಕಾಲಲ್ಲಿ ನಿಂತು, ಕುಸಿದರು. ಕೋಚ್ ಬೆಲಾ ಕರೋಲಿ ಅವರನ್ನು ಎತ್ತಿಕೊಂಡು ಬಂದ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಕೊನೆಗೆ ಅಂಕ ಕೂಡಿಸಿ ನೋಡಿದರೆ ಆ ಎರಡನೆಯ ಹಾರಾಟವಿಲ್ಲದೆಯೂ ಚಿನ್ನ ಅಮೆರಿಕದ್ದೇ ಆಗಿತ್ತು. ಸ್ಟ್ರಗ್ ಮುಂದಿನ ವೈಯಕ್ತಿಕ ಫೈನಲ್‌ಗಳಿಂದ ಹಿಂದೆ ಸರಿಯಬೇಕಾಯಿತು.

2021ರ ಟೋಕಿಯೋದಲ್ಲಿ ಸಿಮೋನ್ ಬೈಲ್ಸ್ ತಂಡದ ಫೈನಲ್‌ನಲ್ಲಿ ಒಂದು ವಾಲ್ಟ್ ಹಾರಿ, ಸಾಕು ಎಂದು ಹೊರಬಂದರು. ಗಾಳಿಯಲ್ಲಿ ತಿರುಗುವಾಗ ನೆಲ ಎಲ್ಲಿದೆ ಎಂಬ ಅರಿವೇ ತಪ್ಪುವ ಸ್ಥಿತಿ ಅದು, ಜಿಮ್ನಾಸ್ಟ್‌ಗಳು ಟ್ವಿಸ್ಟೀಸ್ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಹಾರಿದರೆ ಕತ್ತು ಮುರಿಯಬಹುದು. ಅವರನ್ನು ಹೇಡಿ ಎಂದವರಿಗೆ ಕೊರತೆಯಿರಲಿಲ್ಲ. ಕೆಲವು ದಿನ ಬಿಟ್ಟು ತಿರುಗುಗಳನ್ನು ಕಡಿಮೆ ಮಾಡಿಕೊಂಡು ಬೀಮ್‌ನಲ್ಲಿ ಕಂಚು ಗೆದ್ದರು, ಆಮೇಲೆ ಎರಡು ವರ್ಷ ಸ್ಪರ್ಧೆಯ ಕಡೆ ಸುಳಿಯಲಿಲ್ಲ. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ಗಟ್ಟಿತನಕ್ಕೆ ಅಂಕ ಕೊಡುವುದಾದರೆ ಬೈಲ್ಸ್‌ಗೇ ಹೆಚ್ಚು ಕೊಡಬೇಕು. ಸ್ಟ್ರಗ್‌ಗೆ ಕಡಿಮೆ ಕೊಡಬೇಕಾಗಿಲ್ಲ, ಹದಿನೆಂಟರ ಹುಡುಗಿಗೆ ಬೇಡ ಎನ್ನುವ ಅಧಿಕಾರ ಎಷ್ಟಿತ್ತು ಎಂಬುದನ್ನು ಕೇಳಿಕೊಂಡರೆ ಸಾಕು.

ಕಾಯುವುದಕ್ಕೆ ಬೆಲೆ ಕಟ್ಟಿದ ಅಧ್ಯಯನವೂ ಇದೆ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದವರನ್ನು ಹಿಂಬಾಲಿಸಿದ, 2016ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಒಂಬತ್ತನೆಯ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮರುಗಾಯದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಇಳಿದಿತ್ತು. ಆರನೆಯ ತಿಂಗಳಿಗೇ ಮೈದಾನಕ್ಕಿಳಿದವನ ಸಾಹಸವನ್ನು ಹೊಗಳುವ ಮುನ್ನ ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಹಾಗೆಂದು ಮಲಗಿಬಿಡಿ ಎನ್ನುವ ವಾದವೂ ನಿಲ್ಲುವುದಿಲ್ಲ. ಉಳುಕಿಗೆ ವಿಶ್ರಾಂತಿ ಕೊಡಿ, ಐಸ್ ಇಡಿ, ಪಟ್ಟಿ ಕಟ್ಟಿ, ಎತ್ತಿ ಇಡಿ ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನೇ ತಡಮಾಡಬಹುದು ಎಂದು ದಶಕಗಳ ಬಳಿಕ ತಾವೇ ಬರೆದರು. ಬಳಸದ ಸ್ನಾಯು ಬೇಗ ಸೊರಗುತ್ತದೆ. ಒಳ್ಳೆಯ ಫಿಸಿಯೋ ಆದ್ದರಿಂದ ನಿಲ್ಲಿಸು ಎಂದೂ ಹೇಳುವುದಿಲ್ಲ, ಮುನ್ನುಗ್ಗು ಎಂದೂ ಹೇಳುವುದಿಲ್ಲ. ನೋವು ಹತ್ತರಲ್ಲಿ ಎಷ್ಟು, ನಾಳೆ ಬೆಳಿಗ್ಗೆಗೆ ಇಳಿಯಿತೇ ಎಂದು ಕೇಳುತ್ತಾರೆ, ಉತ್ತರ ನೋಡಿ ಭಾರ ಇಳಿಸುತ್ತಾರೆ ಅಥವಾ ಏರಿಸುತ್ತಾರೆ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂಬ ಇನ್ನೊಂದು ಗಾದೆಯನ್ನು ಗೇಲಿಯಿಂದ ಬಿಡಿಸಿ ನಿಜವಾಗಿಸುವ ಕೆಲಸ ಇದು. ಕಾಲು ಉಳುಕಿದ ತಿಂಗಳಲ್ಲಿ ಭುಜಕ್ಕೂ ಬೆನ್ನಿಗೂ ಕೆಲಸ ಸಿಗುತ್ತದೆ.

ಗಾಯವೇ ಇಲ್ಲದ ಹಿನ್ನಡೆಯೂ ಉಂಟು. ಮದುವೆ ಮನೆ, ಜ್ವರ, ಆಫೀಸಿನ ಗಡುವು, ಮಕ್ಕಳ ಪರೀಕ್ಷೆ ಎಂದು ಎರಡು ವಾರ ತಪ್ಪುತ್ತದೆ. ಫೋನಿನ ಆ್ಯಪ್ ತೋರಿಸುತ್ತಿದ್ದ ಸತತ ದಿನಗಳ ಲೆಕ್ಕ ಸೊನ್ನೆಗೆ ಬೀಳುತ್ತದೆ. ಇನ್ನೇನು ಎಲ್ಲ ಹೋಯಿತಲ್ಲ ಎಂದು ಶೂ ಮೂಲೆ ಸೇರುತ್ತದೆ. ಕುಡಿತ ಬಿಟ್ಟವರು ಒಂದು ಗುಟುಕಿಗೆ ಪೂರ್ತಿ ಜಾರುವುದೇಕೆ ಎಂದು ಅಧ್ಯಯನ ಮಾಡಿದ ಮನೋವಿಜ್ಞಾನಿ ಅಲನ್ ಮಾರ್ಲಟ್ ಇದೇ ಮನಃಸ್ಥಿತಿಯನ್ನು ಗುರುತಿಸಿದ್ದರು. ತಪ್ಪಿದ್ದಕ್ಕಿಂತ, ತಪ್ಪಿದೆನಲ್ಲ ಎಂಬ ಅಪರಾಧ ಭಾವವೇ ಹೆಚ್ಚು ಕೆಡಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸಮಾಧಾನ ಕೊಡುತ್ತದೆ. ಹೊಸ ಅಭ್ಯಾಸ ಮೈಗೂಡಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕೆಂಬ ಅಂದಾಜು. 21 ದಿನದ ಚಾಲೆಂಜ್ ಮಾರುವವರು ಇದನ್ನು ಹೇಳುವುದಿಲ್ಲ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಗಣನೀಯ ಧಕ್ಕೆಯೇನೂ ಆಗಿರಲಿಲ್ಲ. ಆ್ಯಪ್‌ನ ಸೊನ್ನೆ ದೇಹದ ಸೊನ್ನೆಯಲ್ಲ.

ಛಲದ ಬಗೆಗಿನ ನಮ್ಮ ಬರವಣಿಗೆಯಲ್ಲಿ ಇನ್ನೊಂದು ದೋಷವಿದೆ, ಅದು ಹಣದ ಮಾತು ಎತ್ತುವುದಿಲ್ಲ. ಬೆಂಗಳೂರಿನ ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳ ಅವರನ್ನು ಕುರಿತ ಬಹುತೇಕ ಲೇಖನಗಳು ಪೋಲಿಯೊ, 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು, ನೂರಾರು ಪದಕಗಳು, ಪದ್ಮಶ್ರೀ ಎಂದು ಓಡುತ್ತವೆ. ಅವರಿಗೆ ಬ್ಯಾಂಕಿನಲ್ಲಿ ಭದ್ರ ಕೆಲಸವಿತ್ತು ಎಂಬುದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಬಿದ್ದು ಏಳುವುದಕ್ಕೆ ಸಂಬಳ, ರಜೆ, ಗಾಲಿಕುರ್ಚಿ ಹೋಗುವ ದಾರಿ ಎಲ್ಲವೂ ಬೇಕು. ಕ್ರಿಕೆಟಿಗನ ಭುಜಕ್ಕೆ ಒಳ್ಳೆಯ ಶಸ್ತ್ರವೈದ್ಯ, ನಿತ್ಯದ ಫಿಸಿಯೋ, ಕಾಯುವ ಮಂಡಳಿ ಎಲ್ಲವೂ ಇರುತ್ತದೆ. ಬೈಕಿನಲ್ಲಿ ಊಟ ತಲುಪಿಸುವ ಹುಡುಗನ ಮೊಣಕಾಲಿಗೆ ಒಂದು ವಾರದ ವಿಶ್ರಾಂತಿ ಎಂದರೆ ಒಂದು ವಾರದ ಆದಾಯವಿಲ್ಲ. ಅವನು ಪಟ್ಟಿ ಕಟ್ಟಿಕೊಂಡು ಹೋಗುವುದನ್ನು ಛಲವೆಂದು ಕರೆದು ಸುಮ್ಮನಾಗುವುದು ಸುಲಭ.

ಮನೋವಿಜ್ಞಾನಿ ಏಂಜೆಲಾ ಡಕ್‌ವರ್ತ್ 2016ರಲ್ಲಿ 'ಗ್ರಿಟ್' ಪುಸ್ತಕ ತಂದ ಮೇಲೆ ಬಿಡದ ಪಟ್ಟು ಒಂದು ಅಳೆಯಬಹುದಾದ ಗುಣವಾಗಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು, ಇದು ಮನೋವಿಜ್ಞಾನಕ್ಕೆ ಮೊದಲೇ ತಿಳಿದಿದ್ದ ಶ್ರದ್ಧೆ ಎಂಬ ಗುಣಕ್ಕಿಂತ ಹೆಚ್ಚು ಬೇರೆಯಲ್ಲ ಎಂದಿತು. ಫಿಟ್ನೆಸ್ ಲೋಕಕ್ಕೆ ಈ ಎರಡನೆಯ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಶ್ರದ್ಧೆಗೆ ಪೋಸ್ಟರ್ ಮಾಡುವುದು ಕಷ್ಟ, ಅದು ನಿಜ.

ಆದ್ದರಿಂದ ಹೊಸದಾಗಿ ಜಿಮ್ ಸೇರುವವರು ಯಂತ್ರಗಳನ್ನೂ ಗೋಡೆಯ ಬರಹಗಳನ್ನೂ ನೋಡುತ್ತ ನಿಲ್ಲದೆ, ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಲಿ. ಕಾಲು ಉಳುಕಿ ಒಂದು ತಿಂಗಳು ಬರಲಾಗದಿದ್ದರೆ ಆ ತಿಂಗಳ ಶುಲ್ಕವನ್ನು ಮುಂದಕ್ಕೆ ಹಾಕುತ್ತೀರಾ? ಮರಳಿ ಬಂದ ದಿನ ಎಷ್ಟು ಭಾರದಿಂದ ಶುರು ಮಾಡಿಸುತ್ತೀರಿ? ನೋಯುತ್ತಿದೆ ಎಂದರೆ ಯಾರ ಹತ್ತಿರ ಕಳಿಸುತ್ತೀರಿ? ಉತ್ತರ ತಡವರಿಸಿದರೆ ಬೇರೆ ಜಿಮ್ ನೋಡಿಕೊಳ್ಳಿ.