ಮೆಲಿಂಡಾ ಮಾತಾಡಿದರೆ ಯಾರಿಗೆ ಭಯ?

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಡೆದ ಪಾರ್ಟಿಯೊಂದಕ್ಕೆ ಪೊಲೀಸರನ್ನು ಕರೆಸಿದವಳು ಮೆಲಿಂಡಾ ಸೊರ್ಡಿನೊ. ಯಾಕೆ ಕರೆಸಿದಳೆಂದು ಒಬ್ಬರೂ ಕೇಳುವುದಿಲ್ಲ. ಪಾರ್ಟಿ ಹಾಳಾಯಿತಲ್ಲ ಎನ್ನುವುದಷ್ಟೇ ಎಲ್ಲರ ಸಿಟ್ಟು. ಒಂಬತ್ತನೇ ತರಗತಿಯ ಮೊದಲ ದಿನವೇ ಹಳೆಯ ಗೆಳತಿಯರು ಮುಖ ತಿರುಗಿಸುತ್ತಾರೆ. ಅವಳ ಮಾತು ದಿನದಿನಕ್ಕೆ ಕಡಿಮೆಯಾಗುತ್ತದೆ, ಕಚ್ಚಿ ಕಚ್ಚಿ ತುಟಿ ಗಾಯವಾಗುತ್ತದೆ. ಆ ರಾತ್ರಿ ಆಂಡಿ ಇವಾನ್ಸ್ ಎಂಬ ಹಿರಿಯ ವಿದ್ಯಾರ್ಥಿ ಅವಳ ಮೇಲೆ ಅತ್ಯಾಚಾರ ಎಸಗಿದ್ದ ಎನ್ನುವುದು ಓದುಗರಿಗೆ ಪೂರ್ತಿ ತಿಳಿಯುವಾಗ ಕಾದಂಬರಿ ಅರ್ಧ ದಾಟಿರುತ್ತದೆ.

ಲಾರಿ ಹಾಲ್ಸ್ ಆಂಡರ್ಸನ್ ಬರೆದ ‘ಸ್ಪೀಕ್’ 1999ರಲ್ಲಿ ಬಂತು. ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿ ಸೇರಿತು, ಮುಂದೆ ಎಷ್ಟೋ ಶಾಲೆಗಳಲ್ಲಿ ಪಾಠವಾಯಿತು. ಅದನ್ನು ಕಪಾಟಿನಿಂದ ತೆಗೆಯಿರಿ ಎನ್ನುವ ಕೂಗೂ ಅಂದಿನಿಂದ ನಿಂತಿಲ್ಲ. 2020ರಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಒಳಗಾದ ಹತ್ತು ಪುಸ್ತಕಗಳನ್ನು ಅಮೆರಿಕದ ಗ್ರಂಥಾಲಯ ಸಂಘ ಪಟ್ಟಿ ಮಾಡಿದಾಗ ಇದಕ್ಕೆ ನಾಲ್ಕನೇ ಸ್ಥಾನ.

ಹದಿಹರೆಯದವರಿಗೆ ಪ್ರಾಮಾಣಿಕವಾಗಿ ಬರೆಯುವುದೆಂದರೆ ಏನನ್ನೂ ಮುಚ್ಚಿಡದೆ ಹೇಳುವುದು ಎಂದು ಅನೇಕರು ಭಾವಿಸಿದ್ದಾರೆ. ಆಂಡರ್ಸನ್ ಬರೆಯುವ ರೀತಿ ಅದಲ್ಲ. ಅತ್ಯಾಚಾರದ ಕ್ಷಣ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ, ಅದೂ ಏನಾಗುತ್ತಿದೆ ಎಂದು ಸರಿಯಾಗಿ ಅರ್ಥವಾಗದ ಹುಡುಗಿಯ ತುಂಡು ಮಾತುಗಳಲ್ಲಿ. ಕಾದಂಬರಿಯನ್ನು ತುಂಬಿಕೊಂಡಿರುವುದು ಅದರ ನಂತರದ ಒಂದು ಶಾಲಾ ವರ್ಷ. ಅಪ್ಪ, ಅಮ್ಮ, ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ಮಾತಾಡಿಕೊಳ್ಳುವ ಮನೆ ಅವಳದು. ಅಂಕ ಕುಸಿದಾಗ ಎಲ್ಲರೂ ಅಂಕದ ಬಗ್ಗೆಯೇ ವಿಚಾರಿಸುತ್ತಾರೆ. ಶಾಲೆಯಂತೂ ತನ್ನ ಲಾಂಛನ ಯಾವುದಿರಬೇಕು, ಯಾವುದು ಸಭ್ಯ, ಯಾವುದು ಅಲ್ಲ ಎಂಬ ಚರ್ಚೆಯಲ್ಲಿ ಮುಳುಗಿದೆ. ದಿನಗಟ್ಟಲೆ ಬಾಯಿ ಬಿಡದ ಒಂದು ಮಗು ಅದೇ ಕಟ್ಟಡದ ಹಳೆಯ ಕಸಬರಿಕೆ ಕೋಣೆಯಲ್ಲಿ ಅಡಗಿ ಕೂರುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕೋಣೆಯ ಕನ್ನಡಿಯನ್ನು ಅವಳು ಮಾಯಾ ಏಂಜೆಲೊ ಅವರ ಭಿತ್ತಿಪತ್ರದಿಂದ ಮುಚ್ಚುತ್ತಾಳೆ. ಏಂಜೆಲೊ ಅವರ ಪುಸ್ತಕವೊಂದನ್ನು ಶಾಲಾ ಮಂಡಳಿ ನಿಷೇಧಿಸಿದ್ದರಿಂದಲೇ ಆ ಚಿತ್ರ ಅವಳ ಪಾಲಿಗೆ ಬಂದಿರುತ್ತದೆ. ತನ್ನ ಪುಸ್ತಕಕ್ಕೂ ಇದೇ ಗತಿ ಬರಬಹುದೆಂದು ಆಂಡರ್ಸನ್‌ಗೆ ಬರೆಯುವಾಗಲೇ ಗೊತ್ತಿತ್ತೇನೋ ಅನ್ನಿಸುತ್ತದೆ.

ನನ್ನನ್ನು ಹೆಚ್ಚು ತಟ್ಟಿದ್ದು ಹುಡುಗಿಯರ ಶೌಚಾಲಯದ ಗೋಡೆ. ದೂರ ಇಡಬೇಕಾದ ಹುಡುಗರು ಎಂಬ ತಲೆಬರಹ ಬರೆದು ಮೆಲಿಂಡಾ ಅದರ ಕೆಳಗೆ ಆಂಡಿಯ ಹೆಸರು ಹಾಕುತ್ತಾಳೆ. ಎಷ್ಟೋ ದಿನದ ಮೇಲೆ ಮತ್ತೆ ನೋಡಿದರೆ ಆ ಹೆಸರಿನ ಕೆಳಗೆ ಬೇರೆ ಬೇರೆ ಕೈಬರಹಗಳು, ಬೇರೆ ಬೇರೆ ಶಾಯಿಗಳು. ತಾನು ಒಬ್ಬಳೇ ಅಲ್ಲ ಎಂಬುದು ಅವಳಿಗೆ ಗೊತ್ತಾಗುವುದು ಹೀಗೆ. ಸಲಹೆಗಾರರಿಂದಲ್ಲ, ಪ್ರಾಂಶುಪಾಲರಿಂದಲ್ಲ, ಹೆತ್ತವರಿಂದಲೂ ಅಲ್ಲ. ಒಂದು ಗೋಡೆಯಿಂದ.

2010ರಲ್ಲಿ ಮಿಸೌರಿ ರಾಜ್ಯದ ರಿಪಬ್ಲಿಕ್ ಎಂಬ ಊರಿನ ಶಾಲೆಗಳಲ್ಲಿ ಓದಿಸುತ್ತಿದ್ದ ಪುಸ್ತಕಗಳ ವಿರುದ್ಧ ಒಬ್ಬ ಪ್ರಾಧ್ಯಾಪಕರು ದೂರು ಕೊಟ್ಟರು. ‘ಸ್ಪೀಕ್’ನಲ್ಲಿ ಇರುವುದು ಮೆದು ಅಶ್ಲೀಲತೆ ಎಂದು ಪತ್ರಿಕೆಗೂ ಬರೆದರು. ಅತ್ಯಾಚಾರದ ವರ್ಣನೆಯಲ್ಲಿ ಕಾಮೋದ್ರೇಕವನ್ನು ಕಾಣುವ ಈ ಓದಿಗೆ ಸಮಾಧಾನದಿಂದ ಉತ್ತರ ಹೇಳುವುದು ನನಗೆ ಕಷ್ಟ. ಆ ಪುಟಗಳಲ್ಲಿ ಹೆದರಿಕೆ ಇದೆ, ಅಸಹಾಯಕತೆ ಇದೆ, ಸುಖದ ಸುಳಿವೂ ಇಲ್ಲ. ಮರುವರ್ಷ ಅಲ್ಲಿನ ಶಾಲಾ ಮಂಡಳಿ ‘ಸ್ಪೀಕ್’ ಅನ್ನು ಉಳಿಸಿಕೊಂಡಿತು, ಕರ್ಟ್ ವೊನೆಗಟ್ ಅವರ ‘ಸ್ಲಾಟರ್‌ಹೌಸ್ ಫೈವ್’ ಮತ್ತು ಸಾರಾ ಓಕ್ಲರ್ ಅವರ ‘ಟ್ವೆಂಟಿ ಬಾಯ್ ಸಮ್ಮರ್’ ಅನ್ನು ತೆಗೆಸಿತು. ಅದನ್ನು ಗೆಲುವೆಂದು ನಾನು ಎಣಿಸಲಾರೆ. ಇಂಥ ಗಲಾಟೆಯ ನಿಜವಾದ ಫಲ ಕಾಣುವುದು ಪಕ್ಕದ ಊರಿನಲ್ಲಿ. ಅಲ್ಲಿನ ಮೇಷ್ಟ್ರು ಯಾಕೆ ಬೇಕು ರಗಳೆ ಎಂದು ಪುಸ್ತಕವನ್ನು ಪಾಠಕ್ಕೇ ಇಟ್ಟುಕೊಳ್ಳುವುದಿಲ್ಲ, ಗ್ರಂಥಪಾಲಕರು ತರಿಸುವುದೇ ಇಲ್ಲ. ದೂರಿಲ್ಲ, ಸಭೆಯಿಲ್ಲ, ದಾಖಲೆಯೂ ಇಲ್ಲ.

ಕಾದಂಬರಿಯಲ್ಲಿ ಕುಂದುಗಳಿವೆ. ಚಿತ್ರಕಲೆಯ ಮೇಷ್ಟ್ರು ಫ್ರೀಮನ್ ಮೆಲಿಂಡಾಳಿಗೆ ವರ್ಷವಿಡೀ ಮರ ಬಿಡಿಸುವ ಕೆಲಸ ಕೊಡುತ್ತಾರೆ. ಆ ಮರ ಏನನ್ನು ಹೇಳುತ್ತಿದೆ ಎನ್ನುವುದನ್ನು ಓದುಗರ ಊಹೆಗೆ ಬಿಡದೆ ಮತ್ತೆ ಮತ್ತೆ ಬಿಡಿಸಿ ಹೇಳಲಾಗಿದೆ. ಕೊನೆಯಲ್ಲಿ ಆಂಡಿ ಅದೇ ಕಸಬರಿಕೆ ಕೋಣೆಯಲ್ಲಿ ಅವಳ ಮೇಲೆ ಎರಗುವುದು, ಅವಳು ಕನ್ನಡಿ ಒಡೆದು ಚೂರನ್ನು ಅವನ ಕತ್ತಿಗೆ ಹಿಡಿಯುವುದು, ಆಟದ ತಂಡದ ಹುಡುಗಿಯರು ಸರಿಯಾದ ಹೊತ್ತಿಗೆ ಓಡಿಬರುವುದು, ಇವೆಲ್ಲ ಸಿನಿಮಾಕ್ಕೆ ಒಗ್ಗುವ ಮುಕ್ತಾಯ. ಎರಡನೇ ದಾಳಿ ನಡೆಯದಿದ್ದರೆ ಅವಳ ಮಾತನ್ನು ಶಾಲೆ ನಂಬುತ್ತಿತ್ತೇ? ಆ ಕಷ್ಟದ ಪ್ರಶ್ನೆಯನ್ನು ಕಥೆ ಎದುರಿಸದೆ ಬಿಟ್ಟಿದೆ. ಆಕ್ಷೇಪ ಎತ್ತುವವರು ಈ ಬಗೆಯ ಪ್ರಶ್ನೆ ಎತ್ತಿದ್ದರೆ ಅವರ ಜೊತೆ ಕೂತು ವಾದಿಸಬಹುದಿತ್ತು.

ಹದಿಮೂರನೇ ವಯಸ್ಸಿನಲ್ಲಿ ತನ್ನ ಮೇಲೆ ಅತ್ಯಾಚಾರವಾಗಿತ್ತು ಎಂಬುದನ್ನು ಆಂಡರ್ಸನ್ 2019ರಲ್ಲಿ ‘ಶೌಟ್’ ಎಂಬ ಪದ್ಯರೂಪದ ಆತ್ಮಕಥನದಲ್ಲಿ ಬರೆದರು. ಅದಕ್ಕೂ ಮೊದಲೇ ‘ಸ್ಪೀಕ್’ ಓದಿದ ಮಕ್ಕಳು ತಮಗಾದದ್ದನ್ನು ಹೇಳಿಕೊಂಡು ಅವರಿಗೆ ಪತ್ರಗಳ ಮೇಲೆ ಪತ್ರ ಬರೆದಿದ್ದರು. ಆ ಸಾಲುಗಳನ್ನೇ ಜೋಡಿಸಿ ಅವರು ಒಂದು ಕವಿತೆ ಕಟ್ಟಿದ್ದಾರೆ. ಹುಡುಗರಿಂದ ಬೇರೊಂದು ಪ್ರಶ್ನೆ ಪದೇ ಪದೇ ಬರುತ್ತದೆಂದೂ ಅವರು ಹೇಳಿದ್ದಾರೆ: ಇಷ್ಟಕ್ಕೆಲ್ಲ ಮೆಲಿಂಡಾ ಯಾಕೆ ಅಷ್ಟು ನೊಂದುಕೊಂಡಳು? ಕೇಳುವವರು ಕೆಟ್ಟವರಲ್ಲ. ಅವರಿಗೆ ಮನೆಯಲ್ಲಿ ಯಾರೂ ಹೇಳಿಲ್ಲ, ಶಾಲೆಯಲ್ಲಂತೂ ಅದು ಪಾಠದಲ್ಲಿಲ್ಲ. ಆದ್ದರಿಂದ ಈ ಪುಸ್ತಕ ಹುಡುಗಿಯರಿಗಷ್ಟೇ ಎಂದು ಬೇರೆ ಕಪಾಟಿನಲ್ಲಿ ಇಡುವುದೂ ತಪ್ಪು. ತನ್ನ ಮಗ ಇದನ್ನು ಈಗಲೇ ಓದುವುದು ಬೇಡ ಎನ್ನುವ ಹಕ್ಕು ತಾಯಿಗಿದೆ. ಪಕ್ಕದ ಬೆಂಚಿನ ಹುಡುಗ ಓದಬಾರದು ಎನ್ನುವ ಹಕ್ಕು ಅವಳಿಗಿಲ್ಲ. ಒಂಬತ್ತನೇ ತರಗತಿಯಲ್ಲಿ ಹುಡುಗ ಹುಡುಗಿಯರು ಜೊತೆಗೇ ಕೂತು ಇದನ್ನು ಓದಬೇಕು, ಆ ಪ್ರಶ್ನೆಯನ್ನು ಎಲ್ಲರೆದುರು ಕೇಳಲು ಬಿಡುವ ಮೇಷ್ಟ್ರೊಬ್ಬರು ಅಲ್ಲಿರಬೇಕು.